ಇರುವೆಗಳ ಪಾಲು

ನವೆಂಬರ್ ೪, ಸೋಮವಾರ. ಮುಂಜಾನೆ

ಇವತ್ತೂ ಬಂದಿವೆ. ಚಹಾ ತೆಗೆದುಕೊಂಡು ಗಾಡಿ ಹತ್ತಿದೆ. ಇವರು ಇನ್ನೂ ಮಲಗಿದ್ದರು. ಗ್ಯಾಸ್ ಕಟ್ಟೆಯ ಮೇಲೆ ಕರಿ ದಾರ ಎಳೆದ ಹಾಗೆ ಸಾಲು. ನಿನ್ನೆ ಒರೆಸಿದ್ದೆ, ಮೊನ್ನೆಯೂ ಒರೆಸಿದ್ದೆ. ಸಣ್ಣ ಕರಿ ಇರುವೆ, ಕಚ್ಚುವುದಿಲ್ಲ. ಕಚ್ಚುವ ಜಾತಿಯಾಗಿದ್ದರೆ ಇಷ್ಟು ಹೊತ್ತಿಗೆ ನನ್ನ ಗಂಡ ದಿಂಬು ಹೊತ್ತುಕೊಂಡು ಮನೆಯೊಳಗೆ ಬಂದಿರುತ್ತಿದ್ದರು. ಗಾಡಿ ಬಂದಾಗಿನಿಂದ ಅಲ್ಲೇ ಮಲಗುತ್ತಾರೆ. ಕೇಳಿದರೆ ‘ಟೆಸ್ಟಿಂಗ್’ ಅಂತೆ.

ಗಾಡಿ ಅಂದರೆ ಕಾರಿನ ಹಿಂದೆ ಕಟ್ಟಿ ಎಳೆಯುವ ಒಂದು ಕೋಣೆ. ಹಾಸಿಗೆ, ಗ್ಯಾಸ್, ಮೂಲೆಯಲ್ಲಿ ಕಪಾಟಿನಷ್ಟು ಬಚ್ಚಲ. ಕಟ್ಟಿದವರು ಇವರ ಗೆಳೆಯ ಕಮರುದ್ದೀನ ಭಾಯಿ. ಗೋಕುಲ ರಸ್ತೆಯಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಮಾಡುವ ವರ್ಕ್‌ಶಾಪ್ ಅವರದು. ಕಬ್ಬು, ಹತ್ತಿ ಬಿಟ್ಟು ಮನುಷ್ಯರನ್ನು ಹಾಕುವಂಥದ್ದು ಮಾಡಿದ್ದು ಇದೇ ಮೊದಲು. ಇವರು ‘ಕ್ಯಾಂಪರ್’ ಅನ್ನುತ್ತಾರೆ, ಕಮರುದ್ದೀನ ಭಾಯಿ ‘ಟ್ರೇಲರ್’ ಅನ್ನುತ್ತಾರೆ. ಅತ್ತೆ ಒಂದು ಸುತ್ತು ಹಾಕಿ ನೋಡಿ “ಚಕ್ಕಡಿ ಛಲೋ ಐತಿ” ಅಂದರು. ಅದೇ ಹೆಸರು ನಿಂತಿತು.

ಗೌರಿ ಹುಣ್ಣಿಮೆ ದಿನ ಉಳವಿಯ ಯಾತ್ರೆಗೆ ಹೊರಡುವುದು. ಅತ್ತೆ ಮದುವೆಯಾದ ಹೊಸತರಲ್ಲಿ ಖರೇ ಎತ್ತಿನ ಚಕ್ಕಡಿಯಲ್ಲಿ ಹೋಗಿದ್ದರು, ದಾರಿಯಲ್ಲಿ ರೊಟ್ಟಿ ಬಡಿದುಕೊಂಡು, ಕಾಡಿನಲ್ಲಿ ಎತ್ತು ಬಿಟ್ಟು ಮಲಗಿ. ಸಾಯುವುದರೊಳಗೆ ಮತ್ತೊಮ್ಮೆ ಹಾಗೇ ಹೋಗಬೇಕು ಅಂತ ಎಂದೋ ಅಂದಿದ್ದರಂತೆ. ಇವರು ಈ ವರ್ಷ ಒಮ್ಮಿಂದೊಮ್ಮೆಲೇ ಅದನ್ನು ಹಿಡಿದುಕೊಂಡರು. ಅಮರಗೋಳ ಮಾರ್ಕೆಟ್ಟಿನಲ್ಲಿ ರೈತರ ಕಾಳುಕಡಿ ಮಾರಿಸುವ ಅಡತಿ ಅಂಗಡಿ ಬಿಟ್ಟು ಒಂದು ದಿನ ಆಚೆ ಹೋಗದ ಮನುಷ್ಯ. ಈ ವರ್ಷವೇ ಯಾಕೆ ಅಂದರೆ, “ಆಮ್ಯಾಲೆ ಯಾವಾಗ?” ಅನ್ನುತ್ತಾರೆ.

ಮಧ್ಯೆ ಈ ಇರುವೆ.

“ಅವ್ವನ ಹಾಸಿಗ್ಯಾಗ ಇರುವಿ ಬಿಟಗೊಂಡು ನಾ ಕರಕೊಂಡು ಹೋಗೂದಿಲ್ಲ. ಔಷಧಿ ಹೊಡಿ,” ಅಂದರು ಇವರು.

“ಅವನ್ನ ಸಾಯಿಸಿದ ಚಕ್ಕಡ್ಯಾಗ ನಾ ಉಳವಿಗೆ ಬರೂದಿಲ್ಲ,” ಅಂದರು ಅತ್ತೆ.

ಇಬ್ಬರೂ ನನ್ನ ಕಡೆ ನೋಡಿದರು. ಅಂದರೆ ಕೊಲ್ಲದೆ ಓಡಿಸುವ ಕೆಲಸ ನನ್ನದು. ಶಾಲೆಗೆ ಹೊತ್ತಾಯಿತು.

ನವೆಂಬರ್ ೫, ಮಂಗಳವಾರ. ಸಂಜೆ

ಗಾಡಿಯೊಳಗಿದ್ದ ತಿನ್ನುವುದೆಲ್ಲ ಹೊರಗೆ. ದೀಪಾವಳಿಯ ಚಕ್ಕುಲಿ, ಶೇಂಗಾ ಹೋಳಿಗೆ, ಅತ್ತೆ ದಾರಿಗೆಂದು ಈಗಲೇ ತಂದಿಟ್ಟ ಅವಲಕ್ಕಿ. ಸಕ್ಕರೆ ಆರತಿಯ ಗೊಂಬೆಗಳ ಡಬ್ಬಿಯೂ ಸಿಕ್ಕಿತು — ಆನೆ, ಗಿಳಿ, ತೇರು, ಬಸವಣ್ಣ. ಹಾದಿಯಲ್ಲಿ ಹುಣ್ಣಿಮೆ ಬರುತ್ತದಲ್ಲ, ಸಿಕ್ಕ ಹೆಣ್ಣುಮಕ್ಕಳಿಗೆ ಹಂಚಲು. ಆನೆ ಮಾತ್ರ ಮಗನಿಗೆ ಮೀಸಲು. ಐವತ್ತು ದಾಟಿದ ಮಗನಿಗೆ ಪ್ರತಿ ಗೌರಿ ಹುಣ್ಣಿಮೆಗೆ ಒಂದು ಸಕ್ಕರೆ ಆನೆ. ಇವರು ಮೊದಲು ಸೊಂಡಿಲು ಮುರಿದು ತಿನ್ನುತ್ತಾರೆ. ನೋಡಲು ಚೆಂದ.

ಡಬ್ಬಿಯ ಮುಚ್ಚಳ ಗಟ್ಟಿ ಇತ್ತು, ಒಳಗೆ ಒಂದು ಇರುವೆಯೂ ಇರಲಿಲ್ಲ. ಆದರೂ ಇವರಿಗೆ ಸಿಟ್ಟು. ಸಿಟ್ಟು ಗೊಂಬೆ ದಾಟಿ ಗೇಟಿನ ತನಕ ಹೋಯಿತು.

ಗೇಟಿನ ಹತ್ತಿರ ಇರುವೆಗಳ ಗೂಡಿದೆ. ಅತ್ತೆ ದಿನಾ ಲಿಂಗಪೂಜೆ ಮುಗಿಸಿ ಅಲ್ಲಿ ಒಂದು ಚಮಚ ಸಕ್ಕರೆ ಹಾಕುತ್ತಾರೆ. ಮಾವ ಮುರುಗೆಪ್ಪನವರಿಗೆ ಶುಗರ್ ಬಂದು ಡಾಕ್ಟರು ಸಕ್ಕರೆ ಬಿಡಿಸಿದ ದಿನದಿಂದ ಶುರುವಾದದ್ದು. ಗಂಡನ ಚಹಾಕ್ಕೆ ಹಾಕುತ್ತಿದ್ದ ಚಮಚ ಡಬ್ಬಿಯಲ್ಲೇ ಉಳಿಯುವುದು ಅವರಿಗೆ ಸರಿ ಬರಲಿಲ್ಲ. ಇರುವೆಗೆ ಕೊಟ್ಟರು. ಆಮೇಲೆ ಮಾವನ ಕಾಲಿಗೆ ಮೊಳೆ ನೆಟ್ಟಿತು, ಅವರಿಗೆ ಗೊತ್ತೇ ಆಗಲಿಲ್ಲ. ಅತ್ತೆ ಹಾಸಿಗೆಯ ಮೇಲಿನ ರಕ್ತ ನೋಡಿ ಹುಡುಕಿದ್ದು. ಮೊದಲು ಬೆರಳು ತೆಗೆದರು, ಆಮೇಲೆ ಪಾದ, ಆಮೇಲೆ ಮೊಣಕಾಲಿನವರೆಗೆ. ಮಾವ ಹೋದ ಮೇಲೂ ಚಮಚ ನಿಲ್ಲಲಿಲ್ಲ.

“ನೀನ ಸಾಕೀದಿ ಅವ್ವಾ ಇವನ್ನ. ಗೇಟಿಗೆ ಬಂದಾವು ಗಾಡಿಗೆ ಬರೂದಿಲ್ಲೇನು?”

“ಅದು ನಿಮ್ಮಪ್ಪನ ಪಾಲೋ.”

“ಅಪ್ಪ ಹೋಗಿ ಎಷ್ಟು ವರ್ಷಾತು. ಸಾಕಿನ್ನ.”

ಅತ್ತೆ ಸಕ್ಕರೆ ಡಬ್ಬಿಯ ಮುಚ್ಚಳ ಒತ್ತಿ ಹಾಕಿದರು. ಇವರು ಅಷ್ಟು ಬಿರುಸಾಗಿ ತಾಯಿಗೆ ಮಾತಾಡಿದ್ದು ನಾನು ನೋಡಿದ್ದೇ ಇಲ್ಲ. ಈಚೆಗೆ ಯಾಕೋ ಸಣ್ಣದಕ್ಕೂ ಸಿಡುಕು. ಒಂದು ಬಾಟಲಿ ನೀರನ್ನು ನಿಂತಲ್ಲೇ ಗಟಗಟ ಕುಡಿದು ಹೊರಗೆ ಹೋದರು.

ನವೆಂಬರ್ ೬, ಬುಧವಾರ

ಕಮರುದ್ದೀನ ಭಾಯಿ ಬಂದು ಮೂಲೆಮೂಲೆಗೆ ಸಿಲಿಕಾನ್ ತುಂಬಿದರು. ಮೋರೆ ಸಣ್ಣದಾಗಿತ್ತು.

“ಮಳಿ ನೀರು ಒಳಗ ಬರೂದಿಲ್ಲ ಅಂತ ಗ್ಯಾರಂಟಿ ಕೊಟ್ಟಿದ್ದೆ ವೈನಿ. ಇರುವಿ ಬಗ್ಗೆ ಯಾರೂ ಕೇಳಿದ್ದಿಲ್ಲ.”

“ಈಗ ಕೇಳಾಕತ್ತೇನಲ್ಲ.”

“ಈಗ ಗ್ಯಾರಂಟಿ ಇಲ್ಲ,” ಅಂದು ನಕ್ಕರು.

ಸಿಲಿಕಾನ್ ಒಣಗುವ ಮೊದಲೇ ಅದರ ಪಕ್ಕದಿಂದ ಒಂದು ಇರುವೆ ಬಂತು. ಅದಕ್ಕೆ ಒಣಗುವುದನ್ನು ಕಾಯುವಷ್ಟು ಪುರುಸೊತ್ತಿಲ್ಲ.

ಅತ್ತೆಯ ತವರು ಸುಳ್ಳ ಎಂಬ ಹಳ್ಳಿ. ಅಲ್ಲಿ ಹಾಲು ಬೆಣ್ಣೆಯ ಕಪಾಟಿನ ಕಾಲಿಗೆ ನೀರಿನ ಬಟ್ಟಲು ಇಡುತ್ತಿದ್ದರಂತೆ. ಅದೇ ಮಾಡಿದೆ. ಗಾಡಿಯನ್ನು ಎತ್ತಿ ನಿಲ್ಲಿಸಿದ ಕಬ್ಬಿಣದ ಕಾಲುಗಳ ಕೆಳಗೆ ಹಳೆ ಸ್ಟೀಲ್ ಬಟ್ಟಲು, ಒಳಗೆ ನೀರು. ಪಕ್ಕದ ಮನೆ ರುಕ್ಮವ್ವ ಕಂಪೌಂಡಿನ ಆಚೆಯಿಂದ ನೋಡಿ, “ಗಾಡಿಗೆ ನೀರ ಕುಡಸಾಕತ್ತಿಯೇನ ವಾಣಿ?” ಅಂದಳು. ನಳದಲ್ಲಿ ನೀರು ಬಂದು ವಾರವಾಯಿತು, ನಾನು ಇರುವೆಗೆ ಹಳ್ಳ ಕಟ್ಟುತ್ತಿದ್ದೇನೆ. ಅವಳು ನಗದೆ ಏನು ಮಾಡಬೇಕು.

ನವೆಂಬರ್ ೭

ಟೈರು. ಟೈರನ್ನು ಮರೆತೇಬಿಟ್ಟಿದ್ದೆ.

ನವೆಂಬರ್ ೮, ಶುಕ್ರವಾರ. ಸಂಜೆ

ಟೈರಿನ ಸುತ್ತ ಸುಣ್ಣದ ಪುಡಿ ಹಾಕಿದೆ. ದಾಟಲಿಲ್ಲ. ಗೆದ್ದೆ ಅಂದುಕೊಂಡು ಶಾಲೆಗೆ ಹೋದೆ. ಬಂದು ನೋಡಿದರೆ ಮನೆಯಿಂದ ಗಾಡಿಗೆ ಕರೆಂಟ್ ಎಳೆದ ವೈರಿನ ಮೇಲೆ ನಡೆದು ಬರುತ್ತಿವೆ. ಕೆಳಗೆ ಅಷ್ಟು ಆಳ, ಮೇಲೆ ಒಂದು ವೈರು, ಒಂದಕ್ಕೂ ಅಂಜಿಕೆಯಿಲ್ಲ. ಎದುರು ಬಂದದ್ದಕ್ಕೆ ಮುಖ ತಾಗಿಸಿ, ಏನೋ ಕೇಳಿ, ಮುಂದೆ. ಪ್ರತಿಯೊಂದೂ ಕೇಳುತ್ತದೆ. ಏನು ಕೇಳುತ್ತಿರಬಹುದು? ‘ಇನ್ನೂ ಐತೇನು?’ ಅಂತಲೇ ಇರಬೇಕು.

ವೈರಿಗೆ ಗ್ರೀಸ್ ಹಚ್ಚಿದೆ.

ಖರೇ ಹೇಳಬೇಕೆಂದರೆ ಓಡಿಸುವ ಹುಕಿ ಕಡಿಮೆಯಾಗಿದೆ. ನೋಡುವ ಹುಕಿ ಹೆಚ್ಚಾಗಿದೆ. ಹೋಳಿಗೆ ತೆಗೆದೆ, ಗೊಂಬೆ ತೆಗೆದೆ, ಕಟ್ಟೆಯನ್ನು ಸೋಪು ಹಾಕಿ ತೊಳೆದೆ. ಸಕ್ಕರೆಯ ಒಂದು ಕಾಳಿಲ್ಲ. ಇಷ್ಟು ಕಷ್ಟಪಟ್ಟು ಯಾವುದಕ್ಕೆ ಬರುತ್ತಿವೆ?

ಅತ್ತೆ ಸಕ್ಕರೆ ಹಾಕುವುದು ನಿಲ್ಲಿಸಿದ್ದಾರೆ. ಆದರೆ ಪೂಜೆ ಮುಗಿದ ಮೇಲೆ ಗೇಟಿನ ತನಕ ಹೋಗುತ್ತಾರೆ. ಬರಿಗೈಲಿ ನಿಂತು ವಾಪಸ್ ಬರುತ್ತಾರೆ. ನೋಡಲು ಆಗುವುದಿಲ್ಲ ನನಗೆ. ಇವರಿಗೆ ಹೇಳಿದೆ. “ನೋಡೂಣ,” ಅಂದರು. ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆಯುತ್ತ ಕೂತಿದ್ದರು. ಮಾರ್ಕೆಟ್ಟಿನ ಓಡಾಟಕ್ಕೆ ಹೊಟ್ಟೆ ಇಳಿಯಿತಂತೆ. ಹೆಮ್ಮೆ ಬೇರೆ.

ನವೆಂಬರ್ ೧೦, ರವಿವಾರ. ಮಧ್ಯಾಹ್ನ

ನಿನ್ನೆ ಮಾರ್ಕೆಟ್ಟಿಗೆ ಶೇಂಗಾ ಬಹಳ ಬಂತಂತೆ, ಇವರು ಇವತ್ತೂ ಅಂಗಡಿಗೆ ಹೋದರು. ನನಗೆ ರಜೆ. ಡ್ರಾಯಿಂಗ್ ಟೀಚರ್ ಆಗಿ ಇಷ್ಟು ವರ್ಷಕ್ಕೆ ಒಂದು ಉಪಯೋಗ ಸಿಕ್ಕಿತು. ಶಾಲೆಯ ಬಣ್ಣದ ಚಾಕ್ ತಂದು ಇರುವೆ ನಡೆದ ದಾರಿಯ ಪಕ್ಕ ಗೀಟು ಎಳೆಯುತ್ತ ಹೋದೆ. ಮೊದಲಿನ ದಾರಿ ಕೆಂಪು, ವೈರಿನದು ಹಳದಿ, ಇವತ್ತಿನದು ನೀಲಿ.

ಮುಗಿಸಿ ದೂರ ನಿಂತು ನೋಡಿದೆ. ಗ್ಯಾಸ್ ಕಟ್ಟೆಗೆ ಬಂದ ಗೀಟು ಕಟ್ಟೆಯಲ್ಲಿ ನಿಂತಿಲ್ಲ, ಹಾದು ಹೋಗಿದೆ. ಹಾಸಿಗೆಯ ಕೆಳಗಿನದೂ ಹಾದು ಹೋಗಿದೆ. ಬಣ್ಣ ಮೂರು, ಹೋದದ್ದು ಒಂದೇ ಕಡೆ. ಬಚ್ಚಲಕ್ಕೆ. ನೀಲಿಯಂತೂ ಬಚ್ಚಲದ ನೀರು ಹೋಗುವ ಪೈಪಿನಿಂದಲೇ ಹತ್ತಿದೆ, ಬಾಗಿಲ ಕಡೆ ಬಂದೇ ಇಲ್ಲ.

ಬಚ್ಚಲದಲ್ಲಿ ಏನಿದೆ? ಸೋಪು ಕೂಡ ಇಲ್ಲ.

ಬಾಗಿಲ ಹತ್ತಿರ ಚಿಟಿಕೆ ಸಕ್ಕರೆ ಇಟ್ಟು ಕಾದೆ. ಕೆಲವು ಬಂದವು, ಹೊತ್ತವು, ಹೋದವು. ಬಚ್ಚಲದ ಸಾಲು ಮುರಿಯಲಿಲ್ಲ. ಸಕ್ಕರೆಯನ್ನೂ ಬಿಡದೆ, ಇದನ್ನೂ ಬಿಡದೆ. ಅಂದರೆ ಅಲ್ಲಿರುವುದೂ ಸಕ್ಕರೆಯಂಥದ್ದೇ. ಭಾರೀ ಮಜಾ ಅನಿಸಿತು. ಮಕ್ಕಳಿಗೆ ನಾಳೆ ಹೇಳಬೇಕು ಅಂದುಕೊಂಡೆ.

ಅದೇ ದಿನ. ಐದು ಗಂಟೆ ಆಗಿರಬೇಕು

ಮಕ್ಕಳಿಗೆ ಹೇಳುವುದಿಲ್ಲ.

ಬಚ್ಚಲದ ಗೂಟಕ್ಕೆ ಇವರ ರಾತ್ರಿಯ ಪೈಜಾಮ ಮತ್ತು ನನ್ನದೊಂದು ಹಳೆ ಸೀರೆ, ಒರೆಸಲು ಇಟ್ಟದ್ದು, ಎರಡೂ ನೇತಾಡುತ್ತಿದ್ದವು. ಒಗೆಯಲು ತೆಗೆದೆ. ಸೀರೆಗೆ ಒಂದೂ ಇರುವೆಯಿಲ್ಲ. ಪೈಜಾಮದ ಮುಂದೆ ಕಪ್ಪಗೆ ಮುತ್ತಿವೆ. ಕೆಳಗೆ ಬಚ್ಚಲಕ್ಕೆ ಹಾಸಿದ ಕಲ್ಲಿನ ಮೇಲೆ ಒಣಗಿದ ಬಿಳಿ ಕಲೆ, ಅದರ ಸುತ್ತ ಕೂಡ.

ಮೊದಲು ನಕ್ಕೆ. ಇವರು ಟ್ಯಾಂಕಿನ ನೀರು ಉಳಿಸಲು, ಒಂದಕ್ಕೆ ಹೋದರೆ ಬಚ್ಚಲಕ್ಕೆ ಅರ್ಧ ತಂಬಿಗೆ ಅಂತ ಕಾನೂನು ಮಾಡಿದ್ದಾರೆ. ತಮ್ಮ ಕಾನೂನಿಗೆ ತಾವೇ ಸಿಕ್ಕಿಬಿದ್ದರು ಅಂತ ನಗು. ಆಮೇಲೆ ಪೈಜಾಮ ಕೈಯಲ್ಲೇ ಇತ್ತು, ನಗು ನಿಂತುಹೋಯಿತು.

ಸಕ್ಕರೆಯಂಥದ್ದು. ನೀರಿನ ಬಾಟಲಿ. ಬೆಲ್ಟಿನ ತೂತು. ಹೊರಗೆ ಒಬ್ಬರೇ ಮಲಗುವುದು.

ಮನೆಯ ಬಚ್ಚಲದಲ್ಲಿ ನೀರು ಸುರಿಯುತ್ತೇವೆ, ಯಾರಿಗೂ ಏನೂ ಕಾಣಲಿಲ್ಲ. ಗೂಡಿನ ಇರುವೆಗಳಿಗೆ ಮಾತ್ರ ಕಂಡಿತು. ನಾವು ಅತ್ತೆಯನ್ನು ಬೈದೆವು.

ನವೆಂಬರ್ ೧೧

ಇರುವೆ ನೋಡಲಿಲ್ಲ. ಶಾಲೆಗೆ ಹೋದೆ, ಬಂದೆ. ಇವರು ಊಟಕ್ಕೆ ಕೂತಾಗ ಕಾಲು ನೋಡಿದೆ. ಪಾದ ಹಾಗೆಲ್ಲ ಯಾರದೂ ನೋಡುವುದಿಲ್ಲ ನಾವು. ಎಡಗಾಲಿನ ಹಿಮ್ಮಡಿ ಒಡೆದಿದೆ. ಅಷ್ಟೇ. ಎಲ್ಲರದೂ ಒಡೆದಿರುತ್ತದೆ. ಹೇಗೆ ಹೇಳುವುದು?

ನವೆಂಬರ್ ೧೨, ಮಂಗಳವಾರ. ಸಂಜೆ

ಹೇಳಿದೆ. ಅತ್ತೆ ರುಕ್ಮವ್ವನ ಮನೆಗೆ ಹೋಗಿದ್ದರು. ಇವರು ಅಂಗಡಿಯಿಂದ ಬಂದು ಗಾಡಿಯ ಮೆಟ್ಟಿಲ ಮೇಲೆ ಕೂತಿದ್ದರು.

“ರೀ, ಇರುವಿ ಯಾಕ ಬರತಾವ ಅಂತ ಗೊತ್ತಾತು.”

“ಯಾಕ?”

“ಬಚ್ಚಲಕ್ಕ ಬರಾಕತ್ತಾವು. ನೀವು ಹೋಗಿ ಬಂದ ಜಾಗಾಕ್ಕ.”

ತಿಳಿಯದವರ ಹಾಗೆ ಮುಖ ಮಾಡಿದರು. ಇಪ್ಪತ್ತು ವರ್ಷದ ಮೇಲಾಯಿತು ಮದುವೆಯಾಗಿ, ಆ ಮುಖ ನನಗೆ ಗೊತ್ತಿದೆ.

“ರಾತ್ರಿ ಎಷ್ಟು ಸಲ ಏಳತೀರಿ?”

“ನೀ ಏನು ಡಾಕ್ಟರ?”

“ನಾ ಅಲ್ಲ. ಅವು.”

ನೀಲಿ ಗೀಟಿನ ಗುಂಟ ಒಂದಷ್ಟು ಹೋಗುತ್ತಿದ್ದವು. ಇವರು ಬಹಳ ಹೊತ್ತು ಅವನ್ನೇ ನೋಡಿದರು.

“ಏಳತೇನಿ. ಎದ್ದದ್ದು ನೀ ಎಣಿಸತಿ ಅಂತನ ಇಲ್ಲಿ ಬಂದು ಮಲಗಿದ್ದು. ಅಪ್ಪನ ಕಾಲು ನೋಡೇನಿ ನಾ, ವಾಣಿ. ಪಟ್ಟಿ ಬಿಚ್ಚೂ ಮುಂದ ನಾನ ಹಿಡಕೊಂಡಿದ್ದೆ. ಪರೀಕ್ಷಾ ಮಾಡಿಸಿದ್ರ ಐತಿ ಅಂತಾರ. ಮಾಡಿಸಲಿಲ್ಲಂದ್ರ ಇನ್ನೂ ಇಲ್ಲ ಅಂದಂಗ. ನನ್ನ ಕಾಲು ನನ್ನ ಮಾತು ಕೇಳೂದ್ರಾಗ ಅವ್ವನ್ನ ಉಳವಿಗೆ ಕರಕೊಂಡು ಹೋಗಿ ಬರೂಣು, ಆಮ್ಯಾಲೆ ನೋಡೂಣು ಅಂತ ಇತ್ತು.”

ಅದಕ್ಕೇ ಈ ವರ್ಷ. ಅದಕ್ಕೇ ಚಕ್ಕಡಿ.

ಸಿಟ್ಟು ಬಂತು, ಅಳುವೂ ಬಂತು. ಕಡೆಗೆ ಬಾಯಿಗೆ ಬಂದದ್ದು ಇಷ್ಟೇ: “ಅತ್ತ್ಯಾರಿಗೆ ಬೈದ್ರಿ ನೀವು. ಗೊತ್ತಿದ್ದೂ ಬೈದ್ರಿ.”

“ಗೊತ್ತಿದ್ದದ್ದಕ್ಕ ಬೈದೆ,” ಅಂದರು.

ಆಮೇಲೆ ಪಕ್ಕದಲ್ಲಿ ಕೂತೆ. ಮೆಟ್ಟಿಲು ಒಬ್ಬರಿಗೇ ಸಾಲುವಷ್ಟಿದೆ, ಆದರೂ ಕೂತೆವು.

ನವೆಂಬರ್ ೧೩, ಬುಧವಾರ

ಇವರು ದವಾಖಾನೆಗೆ ಬರಲೊಲ್ಲರು. ಕಮರುದ್ದೀನ ಭಾಯಿಗೆ ಫೋನ್ ಮಾಡಿದೆ. ಅವರ ಹೆಂಡತಿ ನಜ್ಮಾಗೆ ಬಹಳ ವರ್ಷದಿಂದ ಶುಗರ್ ಇದೆ. ಮುಂಜಾನೆಯೇ ಮಶೀನು ತೆಗೆದುಕೊಂಡು ಗಂಡನ ಸ್ಕೂಟರ್ ಹತ್ತಿ ಬಂದಳು. ಅತ್ತೆ ಪೂಜೆಗೆ ಕೂತಿದ್ದರು. ಗಾಡಿಯೊಳಗೇ ನಡೆಯಿತು.

“ಬೆರಳ ಕೊಡ್ರಿ ಅಣ್ಣಾ. ಕಣ್ಣು ಯಾಕ ಮುಚ್ಚತೀರಿ, ಕಣ್ಣಿಗೇನ ಚುಚ್ಚೂದಿಲ್ಲ.”

ಮಶೀನು ತೋರಿಸಿದ ಅಂಕಿಯನ್ನು ಇಲ್ಲಿ ಬರೆಯುವುದಿಲ್ಲ. ನಜ್ಮಾ ನೋಡಿ ನಗು ನಿಲ್ಲಿಸಿದಳು. “ನಂದೂ ಮೊದಲ ಸಲ ಹಿಂಗ ಇತ್ತು. ನೋಡ್ರಿ, ಇವತ್ತಿಗೂ ನಿಮ್ಮ ಗೆಳ್ಯಾಗ ಜೋರು ಮಾಡಿಕೊಂಡು ಅಡ್ಡಾಡಾಕತ್ತೇನಿ.” ಕಮರುದ್ದೀನ ಭಾಯಿ ಹೊರಗೆ ನಿಂತು, ಇದ್ದಕ್ಕಿದ್ದ ಹಾಗೆ, ಗಾಡಿಯ ಬೋಲ್ಟುಗಳನ್ನು ಒಂದೊಂದಾಗಿ ಬಿಗಿ ಮಾಡತೊಡಗಿದರು. ಬಿಗಿಯೇ ಇದ್ದವು.

ಆಮೇಲೆ ಡಾಕ್ಟರ ಕಡೆ ಹೋದೆವು. ರಕ್ತ ತೆಗೆದರು, ಗುಳಿಗೆ ಬರೆದರು. ಅಂಗಾಲಿಗೆ ಒಂದು ತೆಳ್ಳಗಿನ ತಂತಿಯಂಥದ್ದನ್ನು ಮುಟ್ಟಿಸಿ, ಕಣ್ಣು ಮುಚ್ಚಿಸಿ, ಗೊತ್ತಾಗತೈತೇನು ಅಂತ ಕೇಳುತ್ತ ಹೋದರು. ಗೊತ್ತಾಗತೈತಿ, ಗೊತ್ತಾಗತೈತಿ, ಅಂದರು ಇವರು, ಪ್ರತಿ ಸಲ ದನಿ ಸ್ವಲ್ಪ ಗಟ್ಟಿಯಾಗುತ್ತ. ಕಾಲು ಛಲೋ ಇವೆಯಂತೆ. ಗುಳಿಗೆ ತಪ್ಪಿಸಬಾರದು, ಸಿಹಿ ಮುಟ್ಟಬಾರದು, ಬರಿಗಾಲಲ್ಲಿ ಅಡ್ಡಾಡಬಾರದು. ಉಳವಿಗೆ ಹೋಗಬಹುದು.

“ಹೆಂಗ ಗೊತ್ತಾತು ನಿಮಗ?” ಅಂತ ಡಾಕ್ಟರು ಕೇಳಿದರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ದಾರಿಯಲ್ಲಿ ಇವರು ಅಂದರು, “ಅವ್ವಗ ಹೇಳಬ್ಯಾಡ. ಉಳವಿ ಆಗಲಿ.” ಹೂಂ ಅಂದೆ. ಮನಸ್ಸಿಲ್ಲ. ಆದರೆ ಅವ್ವನಿಗೆ ಮಗ ಹೇಳಬೇಕು, ನಾನಲ್ಲ.

ನವೆಂಬರ್ ೧೪

ನಳ ಬಂತು. ಕಾನೂನು ಮುರಿದು ಕೊಡಗಟ್ಟಲೆ ನೀರು ಹಾಕಿ ಬಚ್ಚಲ ತಿಕ್ಕಿದೆ. ಪೈಪಿಗೂ ಬಿಸಿನೀರು ಬಿಟ್ಟು ತೊಳೆಯಬೇಕೆಂದಿದ್ದೆ, ಒಳಗೆ ಅವು ಇರಬಹುದೆಂದು ತಣ್ಣೀರೇ ಬಿಟ್ಟೆ. ಮಧ್ಯಾಹ್ನಕ್ಕೆ ಸಾಲು ಕರಗಿತು. ಸಂಜೆ ಒಂದೆರಡು ಮಾತ್ರ ಬಂದು, ಕಲ್ಲಿನ ಮೇಲೆ ಅತ್ತ ಇತ್ತ ತಿರುಗಾಡಿ, ಏನೂ ಸಿಗದೆ ಹೋದವು. ಇಷ್ಟು ದಿನ ಓಡಿಸಲು ಒದ್ದಾಡಿದ್ದೆ. ಹೋದ ಮೇಲೆ ಗಾಡಿ ಯಾಕೋ ಖಾಲಿ ಅನಿಸಿತು. ಚಾಕಿನ ಗೀಟುಗಳನ್ನು ಒರೆಸಲಿಲ್ಲ.

ಅತ್ತೆ ನೋಡಿ, “ಹ್ವಾದ್ವಾ? ಹೆಂಗ ಹ್ವಾದ್ವು?” ಅಂದರು.

“ತೊಳದೆ ಅತ್ತಿ, ಅಷ್ಟ.”

ಅವರು ಬಚ್ಚಲದೊಳಗೆ ಹಣಿಕಿ ಹಾಕಿದರು. ಗೀಟುಗಳನ್ನು ನೋಡಿದರು.

ನವೆಂಬರ್ ೧೫, ಶುಕ್ರವಾರ. ಗೌರಿ ಹುಣ್ಣಿಮೆ. ಕಾರಿನಲ್ಲಿ

ಎಲ್ಲ ತುಂಬಿಯಾಯಿತು. ಇವರು ಗಾಡಿಯ ಕೊಂಡಿ ನೋಡಲು ಇಳಿದಿದ್ದಾರೆ. ಅತ್ತೆ ಹಿಂದೆ ಕೂತು ಜಪದಲ್ಲಿದ್ದಾರೆ. ಅಷ್ಟರಲ್ಲಿ ಬರೆಯುತ್ತೇನೆ.

ಮುಂಜಾನೆ ಪೂಜೆ ಮುಗಿಸಿ ಅತ್ತೆ ಎಂದಿನಂತೆ ಬರಿಗೈಲಿ ಗೇಟಿಗೆ ಹೋಗಿ ನಿಂತರು. ಇವರು ಸಕ್ಕರೆ ಡಬ್ಬಿ ತಂದು ಮುಂದೆ ಹಿಡಿದರು.

“ಅಪ್ಪನ ಪಾಲು ಹಾಕವ್ವಾ.”

“ಬ್ಯಾಡ ಅಂದ್ಯಲ್ಲಪಾ.”

“ತಪ್ಪಾತು ನಂದು. ಹಾಕು.”

ಅತ್ತೆ ಒಂದು ಚಮಚ ಹಾಕಿದರು. ಮೋರೆ ಅರಳಿತು. ಆಮೇಲೆ ಸೆರಗಿನ ಮರೆಯಿಂದ ಸಕ್ಕರೆ ಆನೆ ತೆಗೆದು, ಚಿಕ್ಕ ಹುಡುಗನಿಗೆ ಕೊಟ್ಟ ಹಾಗೆ, ಮಗನ ಅಂಗೈಯಲ್ಲಿಟ್ಟರು. “ಹಾದ್ಯಾಗ ತಿಂತಿಯೇನು, ಇಲ್ಲೇ ತಿಂತಿ?”

ಜೇಬಿನಲ್ಲಿಟ್ಟುಕೊಳ್ಳುತ್ತಾರೆ, ಆಮೇಲೆ ಅಂದುಬಿಡುತ್ತಾರೆ ಅಂದುಕೊಂಡೆ. ಇವರು ಆನೆಯನ್ನು ಸ್ವಲ್ಪ ಹೊತ್ತು ನೋಡಿದರು. ಸೊಂಡಿಲು ಮುರಿಯಲಿಲ್ಲ. ಕೂತು, ಅಪ್ಪನ ಪಾಲಿನ ಪಕ್ಕದಲ್ಲಿ, ಗೂಡಿನ ಬಾಯಿಗೆ, ಅದನ್ನು ಹಾಗೇ ನಿಲ್ಲಿಸಿದರು.

ಅತ್ತೆ ಆನೆ ನೋಡಿದರು. ಮಗನನ್ನು ನೋಡಿದರು. ಕೈ ಹಿಡಿದು ಗೇಟಿನ ಕಟ್ಟೆಯ ಮೇಲೆ ಕೂರಿಸಿ, ತಾವು ಕೆಳಗೆ ಕೂತು, ಮಗನ ಹೊಸ ಬೂಟು ತಾವೇ ಬಿಚ್ಚಿದರು. ಅಂಗಾಲಿನ ಮೇಲೆ ಉಗುರು ಎಳೆದರು.

“ಗೊತ್ತಾಗತೈತೇನು?”

“ಗೊತ್ತಾಗತೈತಿ.”

“ಈ ಕಾಲು?”

ಇವರು ತಲೆ ಆಡಿಸಿದರು. ಅತ್ತೆ ಎರಡೂ ಪಾದಗಳನ್ನು ಮಡಿಲಲ್ಲಿ ಇಟ್ಟುಕೊಂಡು ಬಹಳ ಹೊತ್ತು ಕೂತರು. ಯಾರೂ ಅಳಲಿಲ್ಲ. ನಾನು ಮಾತ್ರ ಸ್ವಲ್ಪ.

ಆಗ ಗೂಡಿನಿಂದ ಒಂದು ಇರುವೆ ಬಂತು. ಆನೆಯ ಸೊಂಡಿಲಿಗೆ ಮುಖ ತಾಗಿಸಿತು, ತಿರುಗಿ ಹೋಯಿತು. ಎದುರಿಗೆ ಇನ್ನೊಂದು ಸಿಕ್ಕಿತು, ಅದಕ್ಕೂ ಮುಖ ತಾಗಿಸಿತು. ಅದು ಏನೋ ಕೇಳಿತು, ಇದು ಏನೋ ಹೇಳಿತು, ನಾನು ಇನ್ನಷ್ಟು ಬಗ್ಗಿ ನೋಡಬೇಕು ಅನ್ನುವಷ್ಟರಲ್ಲಿ — ಇವರು ಕೊಂಡಿ ನೋಡಿ ಬಂದರು, ಕಾರು ಹೊರಟಿತು. ಉಳಿದದ್ದು ಆಮೇಲೆ.